ಎಫ್‌ಪಿಎಸ್ 90 ತೋರಿಸಿದರೂ ಆಟ ತಡವರಿಸುವುದೇಕೆ?

ಓದುಗರ ಪ್ರಶ್ನೆ: ನಮ್ಮ ಮನೆ ಉಡುಪಿಯ ಸಂತೆಕಟ್ಟೆಯಲ್ಲಿದೆ. ಕಳೆದ ವರ್ಷ ಗೇಮಿಂಗ್‌ಗೆಂದೇ ಕಂಪ್ಯೂಟರ್ ಜೋಡಿಸಿಕೊಂಡೆ. ಮಳೆಗಾಲದವರೆಗೆ ಯಾವ ತೊಂದರೆಯೂ ಇರಲಿಲ್ಲ. ಈಗ ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ 90ರ ಆಸುಪಾಸು ತೋರಿಸುತ್ತಿದ್ದರೂ ಆಟ ಆಗಾಗ ತಡವರಿಸುತ್ತದೆ, ಒಮ್ಮೊಮ್ಮೆ ಎರಡು ಮೂರು ಸೆಕೆಂಡು ಹಾಗೆಯೇ ನಿಂತುಬಿಡುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿಯೂ ನೋಡಿದೆ, ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾದಂತಿದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಕಾರ್ಡಿನ ಶಕ್ತಿ ಸಾಲದಿದ್ದರೆ ಎಫ್‌ಪಿಎಸ್ ಒಟ್ಟಾರೆಯಾಗಿ ಕುಸಿದು 40ಕ್ಕೋ 30ಕ್ಕೋ ಬಂದು ನಿಲ್ಲುತ್ತಿತ್ತು. ನಿಮ್ಮಲ್ಲಿ ಹಾಗಾಗಿಲ್ಲ. ಎಫ್‌ಪಿಎಸ್ ಎಂಬುದು ಒಂದು ಸೆಕೆಂಡಿನಲ್ಲಿ ಎಷ್ಟು ಚಿತ್ರಗಳು (ಫ್ರೇಮ್‌ಗಳು) ಬಂದವು ಎಂಬ ಸರಾಸರಿಯೇ ಹೊರತು, ಅವು ಎಷ್ಟು ಸಮನಾದ ಅಂತರದಲ್ಲಿ ಬಂದವು ಎಂಬುದನ್ನು ಅದು ಹೇಳುವುದಿಲ್ಲ. ಒಂದು ಸೆಕೆಂಡಿನಲ್ಲಿ 89 ಫ್ರೇಮ್‌ಗಳು ತಲಾ 8 ಮಿಲಿಸೆಕೆಂಡಿನಲ್ಲಿ ಮುಗಿದವು ಎಂದುಕೊಳ್ಳಿ. ಅಲ್ಲಿಗೆ 712 ಮಿಲಿಸೆಕೆಂಡ್ ಆಯಿತು. ಉಳಿದ 288 ಮಿಲಿಸೆಕೆಂಡನ್ನು ಕೊನೆಯ ಒಂದೇ ಫ್ರೇಮ್ ನುಂಗಿಹಾಕಿದರೂ ಮೀಟರಿನಲ್ಲಿ ಬೀಳುವ ಅಂಕಿ 90ರದ್ದೇ. ಕಣ್ಣಿಗೆ ಮಾತ್ರ ಆಟ ಕಾಲು ಸೆಕೆಂಡಿಗೂ ಹೆಚ್ಚು ಹೊತ್ತು ಎಡವಿದ್ದು ಸ್ಪಷ್ಟವಾಗಿ ಕಾಣುತ್ತದೆ.

ಆದ್ದರಿಂದ ನೋಡಬೇಕಾದದ್ದು ಒಂದೊಂದು ಫ್ರೇಮಿಗೆ ಹಿಡಿದ ಹೊತ್ತನ್ನು ತೋರಿಸುವ ಫ್ರೇಮ್‌ಟೈಮ್ ಗ್ರಾಫನ್ನು. ಎಂಎಸ್‌ಐ ಆಫ್ಟರ್‌ಬರ್ನರ್ ಜತೆಗೆ ಬರುವ ರಿವಾಟ್ಯೂನರ್ ತಂತ್ರಾಂಶ ಅದನ್ನು ಆಟದ ಮೇಲೆಯೇ ಗೆರೆಯಾಗಿ ತೋರಿಸುತ್ತದೆ. ಗೆರೆ ಚಪ್ಪಟೆಯಾಗಿದ್ದರೆ ಆಟ ನಯವಾಗಿ ಓಡುತ್ತಿದೆ ಎಂದರ್ಥ, ತಡವರಿಸಿದಾಗಲೆಲ್ಲ ಅದು ಸೂಜಿಯಂತೆ ಮೇಲೇಳುತ್ತದೆ. ಇದರ ಜತೆ ಎಚ್‌ಡಬ್ಲ್ಯೂಇನ್ಫೋ ಎಂಬ, ಶಾಖ ಮತ್ತು ವೇಗ ತೋರಿಸುವ ಇನ್ನೊಂದು ಉಚಿತ ತಂತ್ರಾಂಶವನ್ನೂ ಹಾಕಿಕೊಂಡು, ಅರ್ಧ ಗಂಟೆ ಆಡಿ, ಸೂಜಿಗಳು ಯಾವಾಗ ಎದ್ದವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈ ಚೀಟಿಯ ಕೆಲಸವನ್ನು ಯಾರೂ ಮಾಡುವುದಿಲ್ಲ. ನೇರವಾಗಿ ವಿಂಡೋಸ್ ಹಾಕುತ್ತಾರೆ, ಇಲ್ಲವೇ ಅಂಗಡಿಗೆ ಹೋಗುತ್ತಾರೆ. ಆದರೆ ತೊಂದರೆ ಎಲ್ಲಿದೆ ಎಂಬುದನ್ನು ಹೇಳುವುದು ಬಹುಮಟ್ಟಿಗೆ ಅದು ಕಾಣಿಸಿಕೊಳ್ಳುವ ಹೊತ್ತೇ.

ಮೊದಲ ಹತ್ತು ಹದಿನೈದು ನಿಮಿಷ ಸರಿಯಾಗಿದ್ದು ಆಮೇಲೆ ತಡವರಿಕೆ ಶುರುವಾದರೆ ಅದು ಶಾಖದ ಕೆಲಸ. ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ವೇಗ ತಗ್ಗಿದಾಗ ಬಿಸಿ ಇಳಿಯುತ್ತದೆ, ಬಿಸಿ ಇಳಿದಾಗ ವೇಗ ಮತ್ತೆ ಏರುತ್ತದೆ, ಹೀಗೆ ಗರಗಸದ ಹಲ್ಲಿನಂತೆ ಏರಿಳಿಯುವ ವೇಗವೇ ಆಟದಲ್ಲಿ ತಡವರಿಕೆಯಾಗಿ ಕಾಣುವುದು. ಎಚ್‌ಡಬ್ಲ್ಯೂಇನ್ಫೋದಲ್ಲಿ ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲಿನೆದುರು 'ಯೆಸ್' ಎಂದು ಬಂದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಎಎಂಡಿಯ ರೈಜನ್ 7000 ಸರಣಿಯ ಹಲವು ಪ್ರೊಸೆಸರ್‌ಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿಯವರೆಗೆ ಹೋಗುವಂತೆಯೇ ರೂಪಿಸಲಾದವು ಎಂಬುದು ನೆನಪಿರಲಿ. ಅಲ್ಲಿ 95 ಕಂಡೊಡನೆ ಗಾಬರಿಯಾಗುವ ಬದಲು ವೇಗ ಕುಸಿಯುತ್ತಿದೆಯೇ ಎಂದು ನೋಡಬೇಕು.

ಮಳೆಗಾಲ ಎಂದಿರಿ. ನಮ್ಮ ಕರಾವಳಿಯಲ್ಲಿ ಈ ವಿಷಯದ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ: ಗಾಳಿಯಲ್ಲಿ ತೇವ ಹೆಚ್ಚಾದರೆ ಕಂಪ್ಯೂಟರ್ ತಣಿಯುವುದಿಲ್ಲ ಎನ್ನುತ್ತಾರೆ. ಸೆಕೆಯಲ್ಲಿ ನಾವು ಬಳಲುವುದು ಬೆವರು ಆರದ ಕಾರಣಕ್ಕೆ. ಕಂಪ್ಯೂಟರ್ ಬೆವರುವುದಿಲ್ಲ, ಹಾಗಾಗಿ ಗಾಳಿಯ ತೇವದಿಂದ ಅದರ ತಣಿಯುವಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗದು. ತೇವ ತೊಂದರೆ ಕೊಡುವುದು ಧೂಳಿನ ಮೂಲಕ. ಬಯಲುಸೀಮೆಯ ಒಣ ಧೂಳು ಬ್ಲೋವರ್ ಹಿಡಿದರೆ ಹಾರಿಹೋಗುತ್ತದೆ, ನಮ್ಮಲ್ಲಿಯದು ಕಡಲಿನ ಉಪ್ಪು ತೇವವನ್ನೂ ಅಡುಗೆಮನೆಯ ಎಣ್ಣೆಯ ಹಬೆಯನ್ನೂ ಕುಡಿದು ಅಂಟಾಗಿ ಕೂರುತ್ತದೆ.

ಕಳೆದ ಆಟಿಯಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಮಲ್ಪೆ ಕಡೆಯ ಒಂದು ಮನೆಯ ಕಂಪ್ಯೂಟರನ್ನು ನಾನೇ ಬಿಚ್ಚಿದ್ದೆ. ಹೊರಗಿನಿಂದ ನೋಡಿದರೆ ಫ್ಯಾನು ಚೊಕ್ಕಟವಾಗಿಯೇ ಇತ್ತು, ಮನೆಯವರು ಬ್ಲೋವರ್ ಹಿಡಿದಿದ್ದರಂತೆ. ಫ್ಯಾನಿನ ನಾಲ್ಕು ಮೂಲೆಯ ತಂತಿಕೊಂಡಿ ಕಳಚಿ ಎತ್ತಿದಾಗ ಹಿಂದಿನ ಅಲ್ಯೂಮಿನಿಯಂ ಎಸಳುಗಳ ಮೇಲೆ ಬೂದುಬಣ್ಣದ ಕಂಬಳಿಯ ತುಂಡೊಂದನ್ನು ಹೊಲಿದಂತೆ ಧೂಳು ಕೂತಿತ್ತು. ಉಗುರಿನಿಂದ ಒಂದು ಅಂಚು ಎಬ್ಬಿಸಿದರೆ ಇಡೀ ಹಾಳೆಯೇ ಎದ್ದುಬಂತು. ಬ್ಲೋವರಿನ ಗಾಳಿ ಅದನ್ನು ಇನ್ನಷ್ಟು ಒತ್ತಿ ಕೂರಿಸಿತ್ತು, ಅಷ್ಟೇ. ಹಳೆಯ ಪೇಂಟ್ ಬ್ರಷ್ಷಿನಿಂದ ಎಸಳುಗಳನ್ನು ಉಜ್ಜಿ, ಪ್ರೊಸೆಸರಿಗೂ ಕೂಲರಿಗೂ ನಡುವೆ ಒಣಗಿ ಸುಣ್ಣದಂತಾಗಿದ್ದ, ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ ಮೇಲೆ ಅದೇ ಆಟದಲ್ಲಿ ಶಾಖ 98ರಿಂದ 76 ಡಿಗ್ರಿಗೆ ಇಳಿಯಿತು. ಬ್ಲೋವರ್ ಹಿಡಿಯುವುದಿದ್ದರೆ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಹೊಸ ಜಾಗಕ್ಕೆ ಹೋದಾಗ, ಹೊಸ ಶತ್ರು ಎದುರಾದಾಗ, ಮೊದಲ ಸ್ಫೋಟದಲ್ಲಿ ಮಾತ್ರ ಎಡವಿ, ಎರಡನೆಯ ಸಲ ಅಲ್ಲಿಯೇ ಸರಾಗವಾಗಿ ಸಾಗಿದರೆ ಅದು ಶೇಡರ್ ಕಂಪೈಲ್ ಆಗುತ್ತಿರುವ ಲಕ್ಷಣ. ಬೆಳಕು, ಹೊಗೆ, ನೀರು ಇತ್ಯಾದಿಗಳನ್ನು ಬಿಡಿಸುವ ಶೇಡರ್ ಎಂಬ ಸಣ್ಣ ಸಣ್ಣ ಪ್ರೋಗ್ರಾಮ್‌ಗಳನ್ನು ನಿಮ್ಮ ಕಾರ್ಡಿಗೆ ತಕ್ಕಂತೆ ಒಮ್ಮೆ ಸಿದ್ಧಪಡಿಸಿ ಉಳಿಸಿಕೊಳ್ಳಬೇಕಾಗುತ್ತದೆ. ಡೈರೆಕ್ಟ್‌ಎಕ್ಸ್ 12 ಎಂಬ ಗ್ರಾಫಿಕ್ಸ್ ವ್ಯವಸ್ಥೆ ಬಳಸುವ ಹಲವು ಆಟಗಳಲ್ಲಿ, ವಿಶೇಷವಾಗಿ ಅನ್‌ರಿಯಲ್ ಎಂಬ ಆಟ ಕಟ್ಟುವ ಎಂಜಿನ್ನಿನವುಗಳಲ್ಲಿ, ಈ ಕಾಟ ಹೆಚ್ಚು. ಹೀಗೆ ಉಳಿಸಿಟ್ಟ ಸಂಗ್ರಹ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬದಲಿಸಿದಾಗ ಹೋಗುತ್ತದೆ, ಡಿಸ್ಕ್ ಅಳಿಸಿ ವಿಂಡೋಸ್ ಹಾಕಿದಾಗಲಂತೂ ಪೂರ್ತಿ ಹೋಗುತ್ತದೆ. ವಿಂಡೋಸ್ ಹಾಕಿದ ಮೇಲೆ ತೊಂದರೆ ಹೆಚ್ಚಾದಂತೆ ಕಂಡದ್ದಕ್ಕೆ ಒಂದು ಕಾರಣ ಇದೇ ಇದ್ದೀತು. ಆಟ ಶುರುವಾಗುವಾಗ ಶೇಡರ್ ಸಿದ್ಧವಾಗುತ್ತಿರುವುದನ್ನು ತೋರಿಸುವ ಪ್ರಗತಿಪಟ್ಟಿ ಬಂದರೆ ತಾಳ್ಮೆಗೆಟ್ಟು ದಾಟಿಸಬೇಡಿ.

ಎರಡನೆಯ ಸಲ, ಮೂರನೆಯ ಸಲವೂ ಅದೇ ಜಾಗದಲ್ಲಿ ಎಡವುತ್ತಿದ್ದರೆ ಕಾರ್ಡಿನ ಸ್ಮೃತಿ, ಅಂದರೆ ವಿಆರ್‌ಎಎಂ, ತುಂಬಿದೆಯೇ ನೋಡಿ. ಅದು ತುಂಬಿದಾಗ ಹೆಚ್ಚಾದ ಭಾಗವನ್ನು ಕಂಪ್ಯೂಟರಿನ ಸಾಮಾನ್ಯ ರ್‍ಯಾಮಿನಲ್ಲಿ ಇಡಬೇಕಾಗುತ್ತದೆ, ಅಲ್ಲಿಂದ ತರುವ ದಾರಿ ಬಹಳ ನಿಧಾನದ್ದು. ಆಟದ ಸೆಟ್ಟಿಂಗಿನಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೈಮೇಲಿನ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಉತ್ತರ ಸಿಗುತ್ತದೆ. ಆಟವನ್ನು ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದರೆ ಇಷ್ಟೆಲ್ಲ ಹುಡುಕುವ ಅಗತ್ಯವೂ ಇಲ್ಲ, ಮೊದಲು ಎಸ್‌ಎಸ್‌ಡಿಗೆ ಸಾಗಿಸಿ. 60 ಎಫ್‌ಪಿಎಸ್‌ಗೆ ಪ್ರತಿ ಫ್ರೇಮ್ 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ತಿರುಗುವ ಡಿಸ್ಕಿಗೆ ಬೇಕಾದ ಜಾಗಕ್ಕೆ ಮುಳ್ಳು ಒಯ್ಯಲಿಕ್ಕೇ ಹತ್ತು ಮಿಲಿಸೆಕೆಂಡಿನಷ್ಟು ಬೇಕು.

ಇನ್ನು ರ್‍ಯಾಮ್. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ ಎಷ್ಟಿದೆ ಎಂದು ನೋಡಿ. ನೀವು ಕೊಂಡದ್ದು 3200ರ ಡಿಡಿಆರ್4 ಆಗಿದ್ದು ಅಲ್ಲಿ 2133 ಅಥವಾ 2400 ಎಂದಿದ್ದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಎಕ್ಸ್‌ಎಂಪಿ, ಅಂದರೆ ರ್‍ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆಫ್ ಆಗಿದೆ. ಬೇಸಿಗೆಯಲ್ಲಿ ಆನ್ ಇದ್ದದ್ದು ಈಗ ಆಫ್ ಆಗಲು ಸಾಧ್ಯವೇ ಎಂದರೆ, ಸಾಧ್ಯ. ಗುಡುಗು ಮಳೆಗೆ ಪದೇ ಪದೇ ಕರೆಂಟು ಹೋಗಿ, ಆನ್ ಆಗುತ್ತಿರುವಾಗಲೇ ಯಂತ್ರ ಒಂದೆರಡು ಸಲ ನಿಂತರೆ, ಕೆಲವು ಮದರ್‌ಬೋರ್ಡ್‌ಗಳು ಎಚ್ಚರಿಕೆಗಾಗಿ ಮೂಲ ಸೆಟ್ಟಿಂಗಿಗೆ ಮರಳುತ್ತವೆ. ರ್‍ಯಾಮಿನ ಎರಡು ಕಡ್ಡಿಗಳಿದ್ದು ಸ್ಲಾಟ್ ನಾಲ್ಕಿದ್ದರೆ ಅವು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು, ಆಗಲೇ ರ್‍ಯಾಮಿಗೆ ಹೋಗುವ ಎರಡೂ ದಾರಿಗಳು (ಚಾನೆಲ್) ಕೆಲಸ ಮಾಡುವುದು. ನನ್ನ ಸ್ವಂತ ಕಂಪ್ಯೂಟರಿನಲ್ಲಿ ಎರಡನ್ನೂ ಅಕ್ಕಪಕ್ಕ ಸಿಕ್ಕಿಸಿ ಒಂದು ವರ್ಷ ಆಡಿದ್ದೇನೆ, ಆಟ ಬರೆದವರನ್ನು ಬೈಯುತ್ತಾ.

ಈಗ ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರೋಣ. ತಡವರಿಸುವುದು ಬೇರೆ, ಎರಡು ಮೂರು ಸೆಕೆಂಡು ನಿಂತುಬಿಡುವುದು ಬೇರೆ. ನಮ್ಮಲ್ಲಿ ಎರಡಕ್ಕೂ, ಇಂಟರ್ನೆಟ್ ನಿಧಾನವಾದದ್ದಕ್ಕೂ, ಲ್ಯಾಗ್ ಎಂಬ ಒಂದೇ ಪದ ಬಳಸುವುದರಿಂದ ಗೊಂದಲವಾಗುತ್ತದೆ. ಉಳಿದ ಆಟಗಾರರು ಮಾತ್ರ ಜಿಗಿಯುತ್ತಾ, ನಿಮ್ಮ ಗ್ರಾಫಿನ ಗೆರೆ ಚಪ್ಪಟೆಯಾಗಿಯೇ ಇದ್ದರೆ ಅದು ನೆಟ್‌ವರ್ಕಿನ ವಿಷಯ, ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ. ಸೆಕೆಂಡುಗಟ್ಟಲೆ ನಿಂತರೆ ಮಾತ್ರ ವಿಂಡೋಸಿನ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ವಿಭಾಗದಲ್ಲಿ ಅದೇ ನಿಮಿಷದ ದಾಖಲೆ ಹುಡುಕಬೇಕು. ಡಿಸ್‌ಪ್ಲೇ 4101 ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಉತ್ತರಿಸದೆ ಹೋಗಿ, ವಿಂಡೋಸ್ ಅದನ್ನು ಮತ್ತೆ ಎಬ್ಬಿಸಿದೆ ಎಂದರ್ಥ. ವಿಂಡೋಸ್ ಹೀಗೆ ಕಾಯುವ ಅವಧಿ ಎರಡು ಸೆಕೆಂಡ್, ನೀವು ಹೇಳಿದ ಲೆಕ್ಕಕ್ಕೆ ಅದು ಹೊಂದುತ್ತದೆ. ಆಗ ಡಿಡಿಯು ಎಂಬ ತಂತ್ರಾಂಶದಿಂದ ಸೇಫ್ ಮೋಡಿನಲ್ಲಿ ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿ, ಕಾರ್ಡನ್ನು ಓವರ್‌ಕ್ಲಾಕ್ ಮಾಡಿದ್ದರೆ (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಿದ್ದರೆ) ಮೊದಲಿನಂತೆ ಮಾಡಿ.

ಅದರ ಬದಲು ಡಿಸ್ಕ್ 7 ಅಥವಾ 153, ಇಲ್ಲವೇ 129 ಎಂಬ ಸಾಲುಗಳು ಕಂಡರೆ ಡ್ರೈವ್ ಓದಲು ಪರದಾಡುತ್ತಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದರ ಆರೋಗ್ಯ ನೋಡುವ ಮೊದಲೇ ಮುಖ್ಯ ಫೈಲುಗಳನ್ನು ಬೇರೆಡೆ ನಕಲಿಸಿಕೊಳ್ಳಿ, ಆಮೇಲೆ ಸಾಟಾ ಕೇಬಲ್ ಬದಲಿಸಿ ಪರೀಕ್ಷಿಸಿ. ಮೌಸೂ ಅಲುಗಾಡದೆ, ಧ್ವನಿ ಜೀರುಂಡೆಯಂತೆ ಒಂದೇ ಸಮನೆ ಗುಂಯ್‌ಗುಡುತ್ತಾ ಎಲ್ಲವೂ ಸ್ತಬ್ಧವಾದರೆ ಮೊದಲ ಗುಮಾನಿ ರ್‍ಯಾಮಿನ ಮೇಲೆ. ಕಡ್ಡಿಗಳನ್ನು ತೆಗೆದು, ಅವುಗಳ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿ. ಅನೇಕರು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ, ಅದರಿಂದ ಲೇಪ ಸವೆಯುವುದರಿಂದ ನಾನು ಒಪ್ಪುವುದಿಲ್ಲ. ನಂತರ ರಾತ್ರಿಯಿಡೀ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ. ಅದರಲ್ಲಿ ಒಂದೇ ಒಂದು ದೋಷ ಬಂದರೂ, ಎಕ್ಸ್‌ಎಂಪಿ ಆಫ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿದಾಗಲೂ ಅದು ಉಳಿದರೆ ಆ ಕಡ್ಡಿಯನ್ನು ವಾರಂಟಿಗೆ ಕಳಿಸಬೇಕು.

ಯುಪಿಎಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವಾಟಿನ ಆಸುಪಾಸು ಮಾತ್ರ. ಹೊರೆ ಅದನ್ನು ಮೀರಿದರೆ ಯಂತ್ರ ಒಮ್ಮೆಗೇ ಆರಿಹೋಗುತ್ತದೆ ಅಥವಾ ತಾನೇ ರೀಸ್ಟಾರ್ಟ್ ಆಗುತ್ತದೆ, ತಡವರಿಸುತ್ತಾ ಕೂರುವುದಿಲ್ಲ. ಹಾಗಾಗಿ ನಿಮ್ಮ ತೊಂದರೆಗೆ ಅದನ್ನು ದೂರುವಂತಿಲ್ಲ.

ನಿಮ್ಮದು ಎಎಂಡಿ ಪ್ರೊಸೆಸರ್ ಆಗಿದ್ದು ಬಯಾಸ್ 2022ಕ್ಕಿಂತ ಹಳೆಯದಾಗಿದ್ದರೆ ಇನ್ನೊಂದು ಸಂಗತಿಯಿದೆ. ಎಫ್‌ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಮದರ್‌ಬೋರ್ಡಿನ ಫ್ಲ್ಯಾಶ್ ಸ್ಮೃತಿಯೊಂದಿಗೆ ವ್ಯವಹರಿಸುವಾಗ ಕೆಲವು ರೈಜನ್ ಕಂಪ್ಯೂಟರ್‌ಗಳು ಕ್ಷಣಕಾಲ ನಿಲ್ಲುತ್ತವೆ ಎಂದು ಎಎಂಡಿಯೇ 2022ರ ಮಾರ್ಚಿನಲ್ಲಿ ಒಪ್ಪಿಕೊಂಡು, ಹೊಸ ಬಯಾಸ್ ಮೂಲಕ ಸರಿಪಡಿಸಿತು. ಬೋರ್ಡ್ ತಯಾರಕರ ತಾಣದಿಂದ ಅದನ್ನು ಇಳಿಸಿಕೊಳ್ಳಬಹುದು. ಆದರೆ ಬಯಾಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡೇ ಏಳದೆ ಹೋಗಬಹುದಾದ್ದರಿಂದ, ಆಟಿಯ ಮಳೆ ಹುಯ್ಯುತ್ತಿರುವಾಗ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ನಿಮ್ಮ ವಿವರಣೆ ನೋಡಿದರೆ ನಾನಾದರೆ ಮೊದಲು ಶಾಖ ಮತ್ತು ರ್‍ಯಾಮ್ ವೇಗ ನೋಡುತ್ತೇನೆ, ಅದೇ ಸಂಜೆ ಈವೆಂಟ್ ವ್ಯೂವರನ್ನೂ ತೆರೆಯುತ್ತೇನೆ. ಮೂರಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಜತೆಗೆ ಎಫ್‌ಪಿಎಸ್ಸನ್ನು 60ಕ್ಕೆ ಮಿತಿಗೊಳಿಸಿ ಒಂದು ದಿನ ಆಡಿ. ಪ್ರೊಸೆಸರಿನ ಮೇಲಿನ ಹೊರೆ ತಗ್ಗಿ ಸೂಜಿಗಳು ಮಾಯವಾದರೆ ಕೂಲರ್ ಬಿಚ್ಚುವ ದಿನ ಬಂದಿದೆ ಎಂದು ತಿಳಿಯಿರಿ. ಇಷ್ಟೆಲ್ಲ ಆದ ಮೇಲೂ, ಟೆಕ್ಸ್‌ಚರನ್ನು ಕೆಳಮಟ್ಟಕ್ಕೆ ಇಳಿಸಿದಾಗಲೂ ವಿಆರ್‌ಎಎಂ ಅಂಚಿನವರೆಗೆ ತುಂಬಿಯೇ ಇದ್ದು ಗ್ರಾಫಿನಲ್ಲಿ ಸೂಜಿಗಳು ಏಳುತ್ತಿದ್ದರೆ, ಆಗ ಕಾರ್ಡಿನ ಬೆಲೆ ವಿಚಾರಿಸಬಹುದು.