ಸಾರಿನಲ್ಲಿ ಬೆರೆಸಿದ ಮಾತ್ರೆ

ಗುರುತು ಮರೆಸಿ ಹೇಳುತ್ತಿದ್ದೇನೆ. ಹೆಂಗಸೊಬ್ಬರು ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ಇಟ್ಟರು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್. ಮೂರು ವಾರದಿಂದ ಅದನ್ನು ಪುಡಿ ಮಾಡಿ ಗಂಡನ ಸಾರಿನಲ್ಲಿ ಬೆರೆಸುತ್ತಿದ್ದರಂತೆ. ಹಿಂದಿನ ರಾತ್ರಿ ಆತ ಕುಡಿದು ಬಂದು, ಮುಖ ಕೆಂಪೇರಿ, ವಾಂತಿ ಮಾಡಿಕೊಂಡು, ಎದೆ ಹಿಡಿದುಕೊಂಡು ಕುಸಿದಿದ್ದ. ತುರ್ತು ಚಿಕಿತ್ಸೆಯ ವೈದ್ಯರಿಗೂ ಈಕೆ ಮಾತ್ರೆಯ ವಿಷಯ ಹೇಳಿರಲಿಲ್ಲ.

ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಅದನ್ನು ಕರಗಿಸುವ ಕಿಣ್ವವನ್ನು ಈ ಮಾತ್ರೆ ಕಟ್ಟಿಹಾಕುತ್ತದೆ. ಕುಡಿದರೆ ಏನಾಗುತ್ತದೆಂದು ತಿಳಿದು, ತಾನೇ ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ನುಂಗುವವನಿಗೆ ಅದು ಬೇಲಿ. ಗೊತ್ತಿಲ್ಲದವನ ಜೀವಕ್ಕೇ ಅಪಾಯ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಉಳಿಯಬಹುದು.

ಗದರಿಸಲು ಮನಸ್ಸಾಗಲಿಲ್ಲ. ಆ ಮನೆಯಲ್ಲಿ ಎಲ್ಲವೂ ಗುಟ್ಟಾಗಿಯೇ ನಡೆದಿತ್ತು. ಕಚೇರಿಗೆ ಫೋನ್ ಮಾಡಿ 'ಜ್ವರ' ಎನ್ನುವುದು, ಬಳೆ ಅಡವಿಟ್ಟು ಆತನ ಕೈಸಾಲ ತೀರಿಸುವುದು, ಅತ್ತೆಗೆ 'ಗ್ಯಾಸ್ಟ್ರಿಕ್' ಎಂದು ಸಮಜಾಯಿಷಿ. ಕುಡಿತದ ಬಿಸಿ ಕುಡಿಯುವವನನ್ನು ಬಿಟ್ಟು ಉಳಿದೆಲ್ಲರಿಗೂ ತಟ್ಟುತ್ತಿತ್ತು.

ಮೊದಲು ಸಾರಿನ ವಿಷಯ ಒಪ್ಪಿಕೊಳ್ಳಬೇಕಿತ್ತು. ಆಮೇಲೆ, ಅಮಲಿಲ್ಲದ ಒಂದು ಬೆಳಿಗ್ಗೆ ಹೇಳಲು ಎರಡು ಮಾತು ಸಿದ್ಧಪಡಿಸಿದೆವು: "ಇನ್ನು ನಿಮ್ಮ ಸಾಲ ತೀರಿಸುವುದಿಲ್ಲ, ಕಚೇರಿಗೆ ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಗೆ ಹೊರಟರೆ ರಜೆ ಹಾಕಿ ಜೊತೆಗೆ ಬರುತ್ತೇನೆ." 'ಕುಡಿಯಬೇಡಿ' ಎಂಬುದನ್ನು ಬೇಕೆಂದೇ ಬಿಟ್ಟೆವು; ಅದು ಆಕೆಯ ಕೈಯಲ್ಲಿಲ್ಲ. ನನ್ನೆದುರು ಮೂರು ಸಲ ಹೇಳಿ ನೋಡಿದರು. ಮೂರನೆಯ ಸಲ ದನಿ ನಡುಗಲಿಲ್ಲ. ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸಲೇ ಎಂದು ಕೇಳಿದರು. ಬೇಡವೆಂದೆ. ಆಣೆ ಮುರಿದ ನಾಚಿಕೆಯನ್ನು ಮರೆಯಲು ಮತ್ತೆ ಅಂಗಡಿಯ ಕಡೆಗೇ ನಡೆದವರನ್ನು ಬೇಕಾದಷ್ಟು ನೋಡಿದ್ದೇನೆ.

ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದೂ ಅಷ್ಟೇ ಅಪಾಯಕರ. ಮೊದಲ ದಿನ ಕೈ ನಡುಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಸನ್ನಿ ಹಿಡಿಯಬಹುದು. ಇದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ದೂರದಲ್ಲಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಹೊಡೆತ ಬಡಿತವಿದ್ದರೆ ಮಾತುಕತೆಯೆಲ್ಲ ಆಮೇಲೆ, ಮೊದಲು ಮನೆಯಿಂದ ಹೊರಬಂದು 112ಕ್ಕೆ ಕರೆ ಮಾಡಿ.

ಮುಂದಿನ ಸೋಮವಾರ ಕಚೇರಿಯಿಂದ ಫೋನ್ ಬಂದಾಗ ಆಕೆ ಅದನ್ನು ಮಲಗಿದ್ದ ಗಂಡನ ಕೈಗೆ ಕೊಟ್ಟು, ಉಕ್ಕುತ್ತಿದ್ದ ಹಾಲು ಇಳಿಸಲು ಒಳಗೆ ಹೋದರಂತೆ.