ದೇವರಾಜ ಅರಸು: ಭೂ ನ್ಯಾಯಮಂಡಳಿಯಿಂದ ಓದಲು ಶುರುಮಾಡಿ

ಪರೀಕ್ಷೆಯಲ್ಲಿ ಅರಸು ಬಗ್ಗೆ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಭೂಸುಧಾರಣೆ, ಹಿಂದುಳಿದ ವರ್ಗಗಳ ಹಾವನೂರು ಆಯೋಗ, 1973ರ ನವೆಂಬರ್ 1ರಂದು ‘ಕರ್ನಾಟಕ’ ಎಂಬ ಹೆಸರು ಎಂದು ಬರೆದು ಮುಗಿಸುತ್ತೇವೆ. ಲಿಂಗಾಯತ, ಒಕ್ಕಲಿಗ ನಾಯಕರೇ ಆಳುತ್ತಿದ್ದ ರಾಜ್ಯದಲ್ಲಿ, ಬೆರಳೆಣಿಕೆಯ ಜನರಿರುವ ಅರಸು ಸಮುದಾಯದವರೊಬ್ಬರು ಮುಖ್ಯಮಂತ್ರಿಯಾಗಿ ಹೆಚ್ಚುಕಡಿಮೆ ಎಂಟು ವರ್ಷ ನಿಂತದ್ದು ಹೇಗೆ ಎಂಬುದನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಹುಟ್ಟಿದ್ದು 1915ರ ಆಗಸ್ಟ್ 20, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ತಲೆಗಳೆಲ್ಲ ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರ ಕಡೆ. ಅರಸು ಇಂದಿರಾ ಗಾಂಧಿಯವರ ಜೊತೆ. 1972ರ ಚುನಾವಣೆಯಲ್ಲಿ ಟಿಕೆಟ್ ಹಂಚುವ ಅಧಿಕಾರ ಅವರ ಕೈಗೆ ಬಂತು. ಅಲ್ಲಿಯವರೆಗೆ ವಿಧಾನಸಭೆಯ ಮೆಟ್ಟಿಲು ಹತ್ತದ ಸಣ್ಣ ಜಾತಿಗಳವರಿಗೂ ಟಿಕೆಟ್ ಸಿಕ್ಕಿತು. 216ರಲ್ಲಿ 165 ಸ್ಥಾನ ಬಂದು ಅರಸು ಮುಖ್ಯಮಂತ್ರಿಯಾದರು.

ಈಗ ಭೂಸುಧಾರಣೆ. ಇಲ್ಲಿ ನಿಧಾನವಾಗಿ ಓದಿ. ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಉಳುವವರ ಹೋರಾಟ ನಡೆದದ್ದು 1951ರಲ್ಲಿ, ಕಾಯ್ದೆ ಬಂದದ್ದು 1961ರಲ್ಲಿ. ಆದರೆ ‘ಸ್ವಂತ ಸಾಗುವಳಿ ಮಾಡುತ್ತೇನೆ’ ಎಂದು ಒಡೆಯ ಜಮೀನು ಬಿಡಿಸಿಕೊಳ್ಳಲು ಅದರಲ್ಲಿ ದಾರಿಯಿತ್ತು. 1974ರ ತಿದ್ದುಪಡಿ ಗೇಣಿ ಜಮೀನನ್ನೆಲ್ಲ (ಒಡೆಯನಿಗೆ ಪಾಲು ಕೊಟ್ಟು ಬೇರೆಯವರು ಉಳುತ್ತಿದ್ದ ನೆಲ), ಸೈನಿಕರಂಥ ಕೆಲವರದನ್ನು ಬಿಟ್ಟು, ಆ ವರ್ಷದ ಮಾರ್ಚ್ 1ರಿಂದಲೇ ಸರ್ಕಾರದ ವಶಕ್ಕೆ ತಂದಿತು. ಆ ಜಮೀನು ತನ್ನ ಹೆಸರಿಗೆ ಬೇಕೆಂದು ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು.

ಮಂಡಳಿಯ ಅಧ್ಯಕ್ಷತೆ ಅಸಿಸ್ಟೆಂಟ್ ಕಮಿಷನರ್‌ದು. ಉಳಿದ ನಾಲ್ವರು ಸರ್ಕಾರ ನೇಮಿಸಿದವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ನನ್ನ ಪ್ರಕಾರ ಇಡೀ ಕಾಯ್ದೆಯ ಜೀವ ಇಲ್ಲಿದೆ. ಬಾಯಿಮಾತಿನ ಗೇಣಿಗೆ ರಸೀದಿ ಎಲ್ಲಿಂದ ತರುವುದು? ಜಮೀನಿನ ದಾಖಲೆಯಾದ ಪಹಣಿಯಲ್ಲಿ ಎಷ್ಟೋ ಸಲ ಒಡೆಯನ ಹೆಸರೇ ಇರುತ್ತಿತ್ತು. ಆದರೆ ಆ ಗದ್ದೆಯಲ್ಲಿ ನೇಗಿಲು ಹೂಡುತ್ತಿದ್ದವರು ಯಾರೆಂಬುದು ಸುತ್ತಲಿನವರಿಗೆಲ್ಲ ಗೊತ್ತು. ಕೋರ್ಟಿನಲ್ಲಿ ಸೋಲುತ್ತಿದ್ದ ಒಕ್ಕಲು ಇಲ್ಲಿ ಗೆಲ್ಲಬಹುದಿತ್ತು. ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ, ಮಲೆನಾಡಿನಲ್ಲಿ ಫಲ ಹೆಚ್ಚು ಕಂಡದ್ದೂ ಇದಕ್ಕೇ. ಗೇಣಿಯೂ ಇಲ್ಲದ ಕೂಲಿಕಾರರಿಗೆ ಸಿಕ್ಕಿದ್ದು ತೀರಾ ಕಡಿಮೆ; ಉತ್ತರ ಬರೆಯುವಾಗ ಈ ಮಿತಿಯನ್ನು ಬಿಡಬೇಡಿ.

ಎಲ್.ಜಿ. ಹಾವನೂರು ಆಯೋಗ ನೇಮಕವಾದದ್ದು 1972ರಲ್ಲಿ, ವರದಿ 1975ರಲ್ಲಿ, ಮೀಸಲಾತಿ ಆದೇಶ 1977ರಲ್ಲಿ. ಆಯೋಗದ ಪಟ್ಟಿಯಲ್ಲಿ ಲಿಂಗಾಯತರು ಇರಲಿಲ್ಲ. ವಿರೋಧ ಎಲ್ಲಿಂದ ಬಂತೆಂದು ಊಹಿಸಬಹುದು.

ಭ್ರಷ್ಟಾಚಾರದ ಆರೋಪಗಳನ್ನೂ ಓದಬೇಕು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅವುಗಳ ತನಿಖೆಗೆ ಗ್ರೋವರ್ ಆಯೋಗ ನೇಮಿಸಿತು. ಕೇಂದ್ರಕ್ಕೆ ಈ ಅಧಿಕಾರವಿಲ್ಲವೆಂದು ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಒಕ್ಕೂಟ ವ್ಯವಸ್ಥೆಯ ಪ್ರಶ್ನೆಗಳಿಗೆ ಈ ಪ್ರಕರಣ ಬೇಕಾಗುತ್ತದೆ. ಆದರೂ 1978ರಲ್ಲಿ ಅರಸು ಮತ್ತೆ ಗೆದ್ದರು. ಅದೇ ವರ್ಷ ಇಂದಿರಾ ಅವರನ್ನು ಚಿಕ್ಕಮಗಳೂರಿನಿಂದ ಲೋಕಸಭೆಗೆ ಕಳಿಸಿದ್ದೂ ಅವರೇ.

ಮರುವರ್ಷ ಇಬ್ಬರೂ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋಯಿತು. ಅರಸು ಕೂಡಿಸಿದ್ದ ಮತವೇ ಅದು, ಆದರೆ ಕೈಗೆ ಬಂದ ಭೂಮಿಯನ್ನು ಜನ ದೆಹಲಿಯ ಹೆಸರಿನೊಂದಿಗೂ ಜೋಡಿಸಿಕೊಂಡಿದ್ದರು ಎಂದು ನಾನು ಓದಿಕೊಂಡಿದ್ದೇನೆ. ಅರಸು ರಾಜೀನಾಮೆ ಕೊಟ್ಟರು, ಗುಂಡೂರಾವ್ ಬಂದರು. 1982ರ ಜೂನ್ 6ರಂದು ಅರಸು ತೀರಿಕೊಂಡರು. ಅವರು ಕಟ್ಟಿದ್ದ ‘ಕ್ರಾಂತಿರಂಗ’ ಎಂಬ ಪಕ್ಷ, ಜನತಾ ಪಕ್ಷದೊಂದಿಗೆ ಸೇರಿ 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ದಾರಿ ಮಾಡಿತು.