ಹಾಕಿದ ಖಡಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮದು ಬಸವನ ಬಾಗೇವಾಡಿ ಕಡೆ ಎರೆ ಹೊಲ. ಡಾಂಬರು ರಸ್ತೆಯಿಂದ ಹೊಲದ ಮನೆಗೆ ನೂರು ಅಡಿ ದಾರಿ. ಪ್ರತಿ ವರ್ಷ ಎರಡು ಮೂರು ಟ್ರಿಪ್ ಖಡಿ ಹಾಕಿಸ್ತೀವಿ. ದೀಪಾವಳಿ ಹೊತ್ತಿಗೆ ಒಂದು ಹರಳೂ ಕಾಣಲ್ಲ, ಮತ್ತೆ ರಾಡಿ. ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ: ಬೇಡ. ನಿಮ್ಮ ಖಡಿ ಎಲ್ಲೂ ಹೋಗಿಲ್ಲ. ಸಲಿಕೆ ಹಾಕಿ ನೋಡಿ, ಗೇಣು ಆಳದಲ್ಲಿ ಸಿಗುತ್ತದೆ.

ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಹಿಂಗಾರಿ ಬಿಳಿಜೋಳ ಆ ತೇವದ ಮೇಲೇ ಬೆಳೆಯೋದು, ಅಲ್ವಾ? ದಾರಿಗೆ ಮಾತ್ರ ಅದೇ ಗುಣ ಕಾಟ. ತೊಯ್ದ ಎರೆ ನಾದಿದ ಹಿಟ್ಟಿನ ಹಾಗೆ. ಟ್ರ್ಯಾಕ್ಟರ್ ಗಾಲಿ ಒತ್ತಿದಾಗ ಕಲ್ಲು ಕೆಳಗಿಳಿಯುತ್ತದೆ, ಕಲ್ಲಿನ ಸಂದಿಯಲ್ಲಿ ರಾಡಿ ಮೇಲೇಳುತ್ತದೆ. ನೀವು ಎಷ್ಟು ಸುರಿದರೂ ಅದು ನುಂಗುತ್ತದೆ.

ಹಾಗಾದರೆ ಆಳವಾಗಿ ಅಗೆದು ಖಡಿ ತುಂಬೋಣ ಅಂತ ಎಲ್ಲರಿಗೂ ಅನಿಸುತ್ತದೆ. ನಾನೂ ಅದನ್ನೇ ಮಾಡಿದ್ದೆ. ವಿಜಯಪುರದ ಹೊರಗಿನ ನಮ್ಮ ಮನೆ ಮುಂದೆ ಒಂದು ಅಡಿ ಅಗೆಸಿ, ಒಳ್ಳೆ ಖಡಿ ತುಂಬಿಸಿದೆ. ಮೊದಲ ದೊಡ್ಡ ಮಳೆಗೆ ಅದು ದನ ನೀರು ಕುಡಿಯುವ ಬಾನಿ ಆಯಿತು. ಸುತ್ತ ಎರೆ, ತಳದಲ್ಲೂ ಎರೆ. ಒಳಗೆ ಹೋದ ನೀರು ಹೊರಗೆ ಬರೋದು ಹೇಗೆ? ವಾರಗಟ್ಟಲೆ ಕಾರು ರಸ್ತೆಯಲ್ಲೇ ನಿಂತಿತ್ತು. ಎರೆ ನೆಲದಲ್ಲಿ ದಾರಿಯನ್ನು ಹೂಳಬಾರದು, ಎತ್ತರಿಸಬೇಕು.

ಹುಲ್ಲು, ಬೇರು, ಸಡಿಲ ಮಣ್ಣು ಅಷ್ಟೇ ಕೆರೆದು ತೆಗೆಸಿ. ಬಿರುಕು ಬಿಟ್ಟಿದ್ದರೆ ಮೇಲ್ಪದರ ಸಡಿಲಿಸಿ, ನೀರು ಚಿಮುಕಿಸಿ, ರೋಲರ್ ಹೊಡೆಸಿ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಇದು ನೀರು ಬಿಡುತ್ತದೆ, ಮಣ್ಣು ಬಿಡುವುದಿಲ್ಲ. ಖಡಿಗೂ ಎರೆಗೂ ನಡುವೆ ಗೋಡೆ ಇದ್ದ ಹಾಗೆ. ಪ್ಲಾಸ್ಟಿಕ್ ತಾಡಪತ್ರಿ ಹಾಸಬೇಡಿ, ಅದರ ಮೇಲೆ ನೀರು ನಿಲ್ಲುತ್ತದೆ. ಬಟ್ಟೆಯ ಮೇಲೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಒರಟು ಮಣ್ಣು, ಹಾಕಿಸಿ. ಬಟ್ಟೆ ಸಿಗದಿದ್ದರೆ ಅದನ್ನು ದಪ್ಪಗೆ, ಎಂಟು ಇಂಚಾದರೂ ಹಾಕಿಸಿ. ಬಟ್ಟೆ ಇದ್ದರೆ ಆರು ಇಂಚು ಸಾಕು. ನಂತರ 40 ಎಂಎಂ ಖಡಿ ನಾಲ್ಕು ಇಂಚು, ಮೇಲೆ ಸ್ವಲ್ಪ ಡಸ್ಟ್ (ಕ್ರಷರ್ ಕಲ್ಲುಪುಡಿ) ಬೆರೆಸಿದ 20 ಎಂಎಂ ಎರಡು ಮೂರು ಇಂಚು. ಡಸ್ಟ್ ಸ್ವಲ್ಪವೇ ಇರಲಿ, ಜಾಸ್ತಿಯಾದರೆ ಅದೇ ರಾಡಿಯಾಗುತ್ತದೆ. ಹೊಳೆಯ ಗುಂಡುಕಲ್ಲು ಚೆಂದ ಕಾಣುತ್ತದೆ ಅಂತ ಮೋಹ ಬೇಡ, ಗಾಲಿ ಕೆಳಗೆ ಉರುಳುತ್ತದೆ. ಕ್ರಷರ್ ಖಡಿಯ ಚೂಪು ಅಂಚುಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ. ಒಂದೊಂದು ಪದರಕ್ಕೂ ರೋಲರ್ ಬೇಕು, ಅಂಚಿನಿಂದ ನಡುವಿಗೆ. ಎಲ್ಲಾ ಸುರಿದು ಕೊನೆಗೆ ಒಂದೇ ಸಲ ಹೊಡೆದರೆ ಕೆಳಗಿನದು ಸಡಿಲವೇ ಉಳಿಯುತ್ತದೆ.

ಗರಸಿನ ಲೆಕ್ಕ ಹೀಗೆ: ನೂರು ಅಡಿ ಉದ್ದ, ಹತ್ತು ಅಡಿ ಅಗಲ, ಆರು ಇಂಚು ದಪ್ಪ ಅಂದರೆ 500 ಘನ ಅಡಿ. ನೂರು ಘನ ಅಡಿಗೆ ಒಂದು ಬ್ರಾಸ್, ಹಾಗಾಗಿ ಐದು ಬ್ರಾಸ್. ರೋಲರ್ ಹೊಡೆದಾಗ ಕುಗ್ಗುತ್ತದೆ, ಒಂದು ಬ್ರಾಸ್ ಹೆಚ್ಚೇ ಹೇಳಿ.

ಇನ್ನು ನೀರು. ಜನ ಖಡಿಗೆ ದುಡ್ಡು ಕೊಡುತ್ತಾರೆ, ಗಟಾರಕ್ಕೆ ಕೊಡಲ್ಲ. ದಾರಿಯ ನಡು ಭಾಗ ಅಂಚಿಗಿಂತ ಎರಡೂವರೆ ಇಂಚು ಎತ್ತರ ಇರಲಿ, ಹತ್ತು ಅಡಿ ಅಗಲಕ್ಕೆ ಅಷ್ಟು ಸಾಕು. ಎರಡೂ ಬದಿಗೆ ಗಟಾರ ಬೇಕು. ಅದರ ತಳ ಗರಸಿನ ತಳಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಗಟಾರದ ನೀರೇ ದಾರಿಯೊಳಗೆ ನುಗ್ಗುತ್ತದೆ. ಗಟಾರ ಎಲ್ಲಿ ಮುಗಿಯುತ್ತದೆ ಅನ್ನೋದನ್ನು ಮೊದಲೇ ನೋಡಿ: ಹಳ್ಳಕ್ಕೋ, ನಿಮ್ಮದೇ ಕೃಷಿ ಹೊಂಡಕ್ಕೋ. ಪಕ್ಕದವರ ಬದುವಿಗೆ ಬಿಟ್ಟರೆ ಜಗಳ ಗ್ಯಾರಂಟಿ. ದಾರಿ ಡಾಂಬರು ರಸ್ತೆಗೆ ಸೇರುವಲ್ಲಿ ರಸ್ತೆ ಬದಿಯ ಗಟಾರ ಮುಚ್ಚಬೇಡಿ, ಪೈಪ್ ಹಾಕಿ ಮೋರಿ ಮಾಡಿಸಿ. ಎಷ್ಟೋ ದಾರಿ ಕೆಡುವುದು ಅಲ್ಲಿಂದಲೇ.

ಇದೆಲ್ಲ ಎರೆ ನೆಲದ ಮಾತು. ಖಾನಾಪುರದ ಕಡೆ ಕೆಂಪು ನೆಲ, ಮಳೆ ವಿಪರೀತ. ಅಲ್ಲಿ ಖಡಿ ಮುಳುಗುವುದಕ್ಕಿಂತ ಕೊಚ್ಚಿಹೋಗುವುದೇ ಹೆಚ್ಚು. ಇಳಿಜಾರಿದ್ದರೆ ಅಂಚಿಗೆ ಕಲ್ಲು ಹೂಳಬೇಕು.

ನಿಮ್ಮ ಹಳೆ ಖಡಿಯನ್ನು ಮಾತ್ರ ಅಗೆದು ತೆಗೆಸಬೇಡಿ. ಇಷ್ಟು ವರ್ಷ ನೆಲದೊಳಗೆ ಹೋದದ್ದು ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೇ ಬಟ್ಟೆ ಹಾಸಿ ಶುರು ಮಾಡಿ.